ಗಾಳಿಯ ಕೈಗೆ ಸಿಗದ ಪುಟ್ಟ ವಿಮಾನ

ಹಾಸನದಿಂದ ಸಕಲೇಶಪುರದ ಕಡೆಗೆ ಬೈಕಿನಲ್ಲಿ ಹೋಗುವ ಹುಡುಗರು ವೇಗ ಏರಿದಂತೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬಾಗಿಕೊಳ್ಳುತ್ತಾರೆ. ಇದನ್ನು ಕಾಲೇಜು ಕಲಿಸಿಲ್ಲ, ಎದೆಗೆ ಬಡಿಯುವ ಗಾಳಿ ಕಲಿಸಿದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಎಂಜಿನ್ ಎಂಟರಷ್ಟು ಶಕ್ತಿ ಕೊಡಬೇಕು. ದೊಡ್ಡ ಎಂಜಿನ್ ಹಾಕಿ ವೇಗ ಪಡೆಯುವುದು ಅಷ್ಟು ದುಬಾರಿ.

ಕ್ಯಾಲಿಫೋರ್ನಿಯಾದ ಮೈಕ್ ಆರ್ನಾಲ್ಡ್ ಫೋಮ್ ಮತ್ತು ಫೈಬರ್‌ಗ್ಲಾಸ್ ಬಳಸಿ ತಾವೇ ಕಟ್ಟಿದ ಎಆರ್-5 ವಿಮಾನಕ್ಕೆ ಇದ್ದದ್ದು 65 ಅಶ್ವಶಕ್ತಿಯ ರೋಟಾಕ್ಸ್ ಟೂ-ಸ್ಟ್ರೋಕ್ ಎಂಜಿನ್. ನಮ್ಮ ಊರಿನ ಸಣ್ಣ ಕಾರುಗಳಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಆದರೂ 1992ರಲ್ಲಿ ಅದು ಗಂಟೆಗೆ ಸುಮಾರು 343 ಕಿಲೋಮೀಟರ್ ವೇಗದಲ್ಲಿ ಹಾರಿ, 300 ಕಿಲೋಗಿಂತ ಹಗುರವಾದ ವಿಮಾನಗಳ ವಿಶ್ವದಾಖಲೆ ಮಾಡಿತು. ಅದೂ ಚಕ್ರಗಳನ್ನು ಒಳಗೆ ಎಳೆದುಕೊಳ್ಳದೆ!

ಇಡೀ ವಿಮಾನ ಎದುರಿಸುವ ತಡೆ 0.88 ಚದರ ಅಡಿಯ ಚಪ್ಪಟೆ ಹಲಗೆಯನ್ನು ಗಾಳಿಗೆ ಒಡ್ಡಿದಷ್ಟು. ಅಂದರೆ ನೆಲಕ್ಕೆ ಹಾಸುವ ಒಂದಡಿ ಟೈಲ್ಸ್‌ಗಿಂತಲೂ ಕಡಿಮೆ.

ಇದನ್ನು ಬರೀ ನುಣುಪಿನ ಫಲವೆಂದುಕೊಳ್ಳುವುದು ಸುಲಭ. ನನಗೆ ಹೆಚ್ಚು ಬೆರಗು ತರುವುದು ಭಾಗಗಳು ಒಂದಕ್ಕೊಂದು ಕೂಡುವ ಜಾಗಗಳ ಕೆಲಸ. ರೆಕ್ಕೆಯ ದಪ್ಪ ಭಾಗ ದಾಟಿದ ಗಾಳಿ ಹಿಂಬದಿಗೆ ಬರುತ್ತ ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಮೇಲ್ಮೈಗೆ ಉಜ್ಜಿ ಆಗಲೇ ಸೊರಗಿದ ಪದರಕ್ಕೆ ಆ ಏರಿಕೆ ಹತ್ತುವ ಕಸುವಿಲ್ಲದಿದ್ದರೆ ಅದು ಮೈಬಿಟ್ಟು ಸುಳಿಗಳಾಗುತ್ತದೆ. ರೆಕ್ಕೆಯೂ ಒಡಲೂ ಒಂದೇ ಜಾಗದಲ್ಲಿ ಕಿರಿದಾದರೆ ಮೂಲೆಯ ಗಾಳಿಗೆ ಎರಡು ಪಟ್ಟು ಸಂಕಟ. ಬಿಡಿಬಿಡಿಯಾಗಿ ಚೆನ್ನಾಗಿರುವ ಭಾಗಗಳು ಕೂಡಿದಲ್ಲಿ ಕೆಡುವುದು ಹೀಗೆ. ರೆಕ್ಕೆ-ಒಡಲು, ಕಾಲು-ಚಕ್ರ ಸೇರುವಲ್ಲೆಲ್ಲ ಗಾಳಿಯ ದಾರಿ ತಟಕ್ಕನೆ ಅಗಲವಾಗದಂತೆ ಆರ್ನಾಲ್ಡ್ ಆಕಾರ ಕೊಟ್ಟರು.

ಇದರ ನಂತರ ಬಂದ ಎಆರ್-6 ಅಮೆರಿಕದ ರೀನೋದಲ್ಲಿ ಫಾರ್ಮುಲಾ ಒನ್ ವಿಮಾನ ಪಂದ್ಯಕ್ಕೆ ಇಳಿಯಿತು. ಅಲ್ಲಿ ಎಲ್ಲರಿಗೂ ಒಂದೇ ಬಗೆಯ, 100 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ರೆಕ್ಕೆಯ ವಿಸ್ತೀರ್ಣ 66 ಚದರ ಅಡಿಗಿಂತ, ಖಾಲಿ ತೂಕ 227 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಹಣವಂತರು ದೊಡ್ಡ ಎಂಜಿನ್ ತಂದು ಗೆಲ್ಲುವ ದಾರಿಯನ್ನೇ ಮುಚ್ಚಿದ ಈ ನಿಯಮ ನನಗೆ ತುಂಬ ಹಿಡಿಸಿದೆ.

ಎಆರ್-5 ಹಾಸನದ ಬೂವನಹಳ್ಳಿ ಬಯಲಿನ ಮೇಲೆ ಹಾರಿದ್ದರೆ? ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಇಲ್ಲಿ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ತಡೆ ತಗ್ಗುತ್ತದೆ, ಆದರೆ ಎಂಜಿನ್ನಿಗೆ ಸಿಗುವ ಆಮ್ಲಜನಕವೂ ಅಷ್ಟೇ ತಗ್ಗುತ್ತದೆ. ಹೀಗಾಗಿ ಗರಿಷ್ಠ ವೇಗ ಹೆಚ್ಚು ಬದಲಾಗದು. ನೆಲ ಬಿಡಲು ಮಾತ್ರ ರನ್‌ವೇ ಇನ್ನಷ್ಟು ಉದ್ದ ಬೇಕಾಗುತ್ತದೆ.