ತಲೆಕೆಳಗಾಗಿ ನಿಂತ ಮೀನು

ಮೀನು ತಲೆ ಕೆಳಗೆ ಮಾಡಿ ನಿಂತಿತ್ತು. ಬಾಲ ನೇರ ಮೇಲಕ್ಕೆ, ಮೂತಿ ಹವಳದ ಒಂದು ಬಿರುಕಿನ ಕಡೆಗೆ. ಅದಕ್ಕೇನೋ ಕಾಯಿಲೆ ಇರಬೇಕು ಅಂದುಕೊಂಡೆ. ನಾನು ನೋಡುತ್ತಿದ್ದಂತೆ ಅದು ತಲೆಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಿತು. ಆಮೇಲೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಆಟ.

ಅವತ್ತು ನಾವು ಮೂವರು ಗೆಳೆಯರು ದಡದಿಂದಲೇ ಡೈವ್‌ಗೆ ಇಳಿದಿದ್ದೆವು. ಬೆನ್ನಿಗೆ ಸಿಲಿಂಡರ್ ಹೊತ್ತು ಎದೆಮಟ್ಟದ ನೀರಿನವರೆಗೆ ನಡೆದು, ಅಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಾಲಿಗೆ ಈಜುರೆಕ್ಕೆ, ಅಂದರೆ ಫಿನ್ ಹಾಕಿಕೊಂಡೆವು. ದೋಣಿಯಿಂದ ಧುಮುಕುವುದಕ್ಕಿಂತ ನನಗೆ ಇದೇ ಇಷ್ಟ. ಸಮುದ್ರ ಇಲ್ಲಿ ನಿಧಾನವಾಗಿ ಶುರುವಾಗುತ್ತದೆ. ಮೊದಲು ಕಾಲೆಳೆಯುವ ಅಲೆ, ಆಮೇಲೆ ಮರಳಿನ ಮೇಲೆ ಅದೇ ಅಲೆ ಬರೆದ ಗೆರೆಗಳು, ಆಮೇಲೆ ಅಲ್ಲೊಂದು ಇಲ್ಲೊಂದು ಹವಳದ ದಿಬ್ಬ. ಆ ಗೆರೆಗಳು ಸಾಮಾನ್ಯವಾಗಿ ದಡಕ್ಕೆ ಸಮಾನಾಂತರವಾಗಿ ಇರುತ್ತವೆ. ಅವನ್ನು ಅಡ್ಡಲಾಗಿ ದಾಟುತ್ತಾ ಹೋದರೆ ದಾರಿ ತಪ್ಪುವ ಭಯ ಕಡಿಮೆ.

ನೀರಿನೊಳಗೆ ಮಾತಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡಿರುತ್ತೇವೆ. ಹಾಗಂತ ಶಬ್ದ ಇಲ್ಲ ಅಂತಲ್ಲ, ಶಬ್ದ ಜಾಸ್ತಿಯೇ ಇದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ. ತೊಂದರೆ ಅಲ್ಲೇ ಇರುವುದು. ಶಬ್ದ ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಒಂದು ಚೂರು ತಡವಾಗಿ ಮುಟ್ಟುವುದರಿಂದಲೇ ಅದು ಯಾವ ಕಡೆಯಿಂದ ಬಂತು ಅಂತ ನಮಗೆ ತಿಳಿಯುವುದು. ನೀರಿನಲ್ಲಿ ಆ ಚೂರು ಅಂತರವೂ ಇನ್ನಷ್ಟು ಕಿರಿದಾಗಿಬಿಡುತ್ತದೆ. ಹಾಗಾಗಿ ಗೆಳತಿ ತನ್ನ ಸಿಲಿಂಡರನ್ನು ಟಣ್ ಟಣ್ ಅಂತ ಬಡಿದಾಗ ನಾನು ಹಿಂದೆ ನೋಡಿದೆ, ಮೇಲೆ ನೋಡಿದೆ. ಅವಳು ನನ್ನ ಪಕ್ಕದಲ್ಲೇ ಇದ್ದಳು. ಅವಳ ಬೆರಳು ಒಂದು ಕಲ್ಲನ್ನು ತೋರಿಸುತ್ತಿತ್ತು.

ಕಲ್ಲು ಉಸಿರಾಡುತ್ತಿತ್ತು.

ಮೈಮೇಲೆ ಹವಳದಂಥದ್ದೇ ಗಂಟು, ಹವಳದಂಥದ್ದೇ ಕಂದು ಬಣ್ಣ. ಅದು ಆಕ್ಟೋಪಸ್. ಅದರ ಚರ್ಮದ ತುಂಬ ಬಣ್ಣದ ಸಣ್ಣ ಚೀಲಗಳಿವೆ. ಪ್ರತಿ ಚೀಲದ ಸುತ್ತ ಸ್ನಾಯುಗಳು. ಸ್ನಾಯು ಎಳೆದರೆ ಚೀಲ ಹರಡಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಾಗಿ ಕುಗ್ಗುತ್ತದೆ. ಆ ಸ್ನಾಯುಗಳಿಗೆ ಮೆದುಳಿನಿಂದ ನೇರ ನರಗಳಿರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಬದಲು. ನಮ್ಮ ಕಣ್ಣೆದುರೇ ಕಂದು ಹೋಗಿ ಬೂದು ಬಂತು. ಆಕ್ಟೋಪಸ್ ಮೆಲ್ಲಗೆ ಜಾರಿಕೊಂಡು ಹೊರಟಿತು. ಎಲ್ಲಿಗೆ ಗೊತ್ತಾ? ತಲೆಕೆಳಗಾಗಿ ನಿಂತ ಆ ಮೀನಿನ ಹತ್ತಿರಕ್ಕೆ.

ಆ ಮೀನು ಗ್ರೂಪರ್ ಜಾತಿಯದು. ಆ ಆಳದಲ್ಲಿ ಮಂಕಾಗಿ ಕಾಣುತ್ತಿತ್ತು. ಗೆಳೆಯ ಟಾರ್ಚ್ ಹಾಕಿದಾಗಲೇ ಅದು ಕಡುಗೆಂಪು ಅಂತ ತಿಳಿದದ್ದು, ಏಕೆಂದರೆ ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಬೆಳಕಿನ ಕೆಂಪನ್ನೇ. ಅದರ ವರ್ತನೆ ಅರ್ಥವಾದದ್ದು ಮನೆಗೆ ಬಂದು ಓದಿದ ಮೇಲೆ. ರೆಡುವಾನ್ ಬ್ಶಾರಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಕೆಂಪು ಸಮುದ್ರದ ಗ್ರೂಪರ್‌ಗಳ ಬಗ್ಗೆ ಬರೆದರು. ಹಸಿದ ಗ್ರೂಪರ್, ಹಾವಿನಂಥ ಮೈಯ ಮೀನಾದ ಮೊರೇ ಈಲ್ ಇರುವ ಬಿಲದ ಬಳಿ ಹೋಗಿ ಮೈ ಅಲ್ಲಾಡಿಸಿ ಅದನ್ನು ಬೇಟೆಗೆ ಕರೆಯುತ್ತದೆ. 2013ರಲ್ಲಿ ಇನ್ನೊಂದು ಅಧ್ಯಯನ ಈ ತಲೆಕೆಳಗಿನ ಭಂಗಿಯ ಗುಟ್ಟು ಬಿಚ್ಚಿತು. ಅಟ್ಟಿಸಿಕೊಂಡು ಹೋದ ಬೇಟೆ ಬಿರುಕಿನೊಳಗೆ ತೂರಿಕೊಂಡರೆ, ಗ್ರೂಪರ್ ಅಥವಾ ಅದರ ಹತ್ತಿರದ ನೆಂಟ ಕೋರಲ್ ಟ್ರೌಟ್ ಸರಿಯಾಗಿ ಆ ಜಾಗದ ಮೇಲೆ ತಲೆಕೆಳಗಾಗಿ ನಿಂತು ತಲೆ ಆಡಿಸುತ್ತದೆ. ಈಲ್‌ಗೋ ಆಕ್ಟೋಪಸ್‌ಗೋ ಅದು ಹೇಳುತ್ತಿರುವುದು ಇಷ್ಟೇ: ಇಲ್ಲಿದೆ, ಇಲ್ಲಿ ನೋಡು.

ಬೊಟ್ಟು ಮಾಡಿ ತೋರಿಸುವುದು ಸಣ್ಣ ವಿಷಯ ಅಲ್ಲವೇ ಅಲ್ಲ. ಎದುರಿನವರಿಗೆ ಕಣ್ಣಿದೆ, ನನಗೆ ಕಂಡದ್ದು ಅವರಿಗೆ ಕಂಡಿಲ್ಲ, ನಾನು ತೋರಿಸಿದರೆ ಅವರು ಬರಬಹುದು. ಇಷ್ಟೆಲ್ಲ ಅದರ ಹಿಂದೆ ಇದೆ ಅಂತ ನಾವು ಅಂದುಕೊಂಡಿದ್ದೆವು. ಮನುಷ್ಯರಲ್ಲದೆ ಚಿಂಪಾಂಜಿಯಂಥ ದೊಡ್ಡ ವಾನರಗಳು ಮತ್ತು ಕಾಗೆಯ ನೆಂಟ ರೇವನ್ ಹಕ್ಕಿಯಲ್ಲಿ ಮಾತ್ರ ಇಂಥ ಸನ್ನೆಯ ಬಗ್ಗೆ ಮಾತಾಡುತ್ತಿದ್ದರು. ಈಗ ಮೀನು. ಅಷ್ಟು ದೊಡ್ಡ ಮೆದುಳಿಲ್ಲದೆಯೂ ಇದು ಆಗುತ್ತದೆ ಅಂದರೆ, ದೊಡ್ಡ ಮೆದುಳಿನ ಬಗ್ಗೆ ನಮಗಿರುವ ಹೆಮ್ಮೆ ಸ್ವಲ್ಪ ಜಾಸ್ತಿಯೇ ಆಯಿತೇನೋ ಅಂತ ನನಗನ್ನಿಸುತ್ತದೆ.

ಆಕ್ಟೋಪಸ್ ಆ ದಿಬ್ಬದ ಮೇಲೆ ಕೊಡೆಯಂತೆ ಹರಡಿಕೊಂಡಿತು. ತೋಳುಗಳ ನಡುವಿನ ಚರ್ಮ ಬಲೆಯಾಯಿತು. ತೋಳುಗಳ ತುದಿ ಬಿರುಕುಗಳೊಳಗೆ ಇಳಿದವು. ಆ ತೋಳುಗಳೇ ಒಂದು ಅದ್ಭುತ. ಸಾಮಾನ್ಯ ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ. ಅದರಲ್ಲಿ ಮೂರನೇ ಎರಡು ಭಾಗದಷ್ಟು ಇರುವುದು ತೋಳುಗಳಲ್ಲಿ. ಹೀರುಬಟ್ಟಲುಗಳು ಮುಟ್ಟಿದ್ದನ್ನೆಲ್ಲ ರುಚಿಯನ್ನೂ ನೋಡುತ್ತವೆ. ಹಾಗಾಗಿ ಕತ್ತಲ ಬಿರುಕಿನಲ್ಲಿ ಕಣ್ಣಿನ ಅಗತ್ಯವೇ ಇಲ್ಲ.

ಇವರ ಒಪ್ಪಂದವೂ ಅಲ್ಲೇ ಇದೆ. ಗ್ರೂಪರ್‌ಗೆ ವೇಗ ಇದೆ, ಬಿರುಕಿನೊಳಗೆ ಹೋಗಲಾಗದು. ಆಕ್ಟೋಪಸ್ ಯಾವ ಬಿರುಕಿಗೂ ಕೈ ಹಾಕಬಲ್ಲದು, ಆದರೆ ತಪ್ಪಿಸಿಕೊಂಡು ಓಡುವ ಮೀನನ್ನು ಬೆನ್ನಟ್ಟುವುದು ಅದಕ್ಕೆ ಕಷ್ಟ. ಒಳಗಿದ್ದರೆ ತೋಳು, ಹೊರಬಂದರೆ ಬಾಯಿ. ಅಡಗಿದ್ದ ಜೀವಕ್ಕೆ ದಾರಿಯೇ ಇಲ್ಲ. ನಾವು ನೋಡುತ್ತಿದ್ದಂತೆ ಬೆರಳುದ್ದದ ಒಂದು ಮೀನು ಚಂಗನೆ ಹೊರಬಿತ್ತು. ಗ್ರೂಪರ್ ಬಾಯಿ ತೆರೆದದ್ದು ಕಾಣಲಿಲ್ಲ, ಮುಚ್ಚಿದ್ದು ಮಾತ್ರ ಕಂಡಿತು.

ಅಷ್ಟರಲ್ಲಿ ಹಳದಿ ಗೋಟ್‌ಫಿಶ್‌ಗಳು ಬಂದು ಸೇರಿಕೊಂಡವು. ಗದ್ದದ ಕೆಳಗೆ ಎರಡು ಮೀಸೆ ಇರುವ, ಅದರಿಂದ ಮರಳು ಕೆದಕುವ ಮೀನು. ಒಂದಷ್ಟು ದೂರ ಅವು ಮುಂದೆ ಹೋಗುವವು, ನಿಲ್ಲುವವು. ಆಕ್ಟೋಪಸ್ ಒಂದು ಸಲ ಹಿಂಬಾಲಿಸಿತು, ಇನ್ನೊಂದು ಸಲ ಸುಮ್ನೆ ಕೂತಿತು. ಅದು ಕೂತಾಗ ಎಲ್ಲರೂ ವಾಪಸ್. ಇಂಥ ಗುಂಪುಗಳನ್ನು ಹಲವು ಕ್ಯಾಮೆರಾಗಳಿಂದ ಚಿತ್ರೀಕರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಎಲ್ಲಿಗೆ ಹೋಗಬಹುದು ಅಂತ ಹುಡುಕುವುದು ಹೆಚ್ಚಾಗಿ ಗೋಟ್‌ಫಿಶ್, ಹೊರಡಬೇಕೋ ಬೇಡವೋ ಅನ್ನುವುದು ಆಕ್ಟೋಪಸ್. ಇಂಥವರೇ ನಾಯಕ ಅಂತ ಬೆರಳಿಟ್ಟು ಹೇಳಲು ಬರುವುದಿಲ್ಲ.

ಗುಂಪಿನಲ್ಲಿ ಇನ್ನೊಂದು ಸಣ್ಣ ಗ್ರೂಪರ್ ಕೂಡ ಇತ್ತು. ಹುಡುಕುವುದಿಲ್ಲ, ತೋರಿಸುವುದಿಲ್ಲ, ಆಕ್ಟೋಪಸ್‌ನ ಪಕ್ಕದಲ್ಲೇ ಕಾದು ಕೂತಿತ್ತು. ಇದ್ದಕ್ಕಿದ್ದಂತೆ ಒಂದು ತೋಳು ಸಿಡಿದು ಅದಕ್ಕೆ ಬಡಿಯಿತು. ಹೌದು, ಗುದ್ದು! ಮೀನು ಒಂದು ಮೊಳ ಆಚೆ ಹೋಯಿತು. ನಗು ತಡೆಯಲಾಗದೆ ನನ್ನ ಮಾಸ್ಕ್‌ಗೆ ನೀರು ನುಗ್ಗಿತು. ಆಕ್ಟೋಪಸ್ ಹೀಗೆ ಮೀನುಗಳನ್ನು ಗುದ್ದುವುದು 2020ರಲ್ಲಿ ವೈಜ್ಞಾನಿಕ ಪತ್ರಿಕೆಯಲ್ಲಿ ದಾಖಲಾಗಿದೆ. ಕೆಲವು ಗುದ್ದು ಬೇಟೆಯ ಹತ್ತಿರದಿಂದ ಪ್ರತಿಸ್ಪರ್ಧಿಯನ್ನು ಓಡಿಸಲು. ಇನ್ನು ಕೆಲವಕ್ಕೆ ತಕ್ಷಣದ ಲಾಭವೇ ಕಾಣುವುದಿಲ್ಲ. ಮುಂದೆ ಹದ್ದುಬಸ್ತಿನಲ್ಲಿರಲಿ ಅಂತ ಕೊಡುವ ಶಿಕ್ಷೆಯೋ, ಬರೀ ಸಿಟ್ಟೋ? ಸಂಶೋಧಕರು ಎರಡನ್ನೂ ತಳ್ಳಿಹಾಕಿಲ್ಲ. ನಮ್ಮ ಮುಂದಿದ್ದ ಮೀನು ಮಾತ್ರ ಅರ್ಧ ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬಂತು.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, ಪ್ರತಿ ಉಸಿರಿಗೆ ಖರ್ಚಾಗುವ ಗಾಳಿಯೂ ಎರಡು ಪಟ್ಟು. ಗೆಳೆಯ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ತನ್ನ ಗೇಜ್ ನೋಡಿಕೊಂಡು ಹೆಬ್ಬೆರಳು ಮೇಲೆತ್ತಿದ. ದಡದಲ್ಲಿ ಅದಕ್ಕೆ ‘ಭೇಷ್’ ಅಂತ ಅರ್ಥ, ನೀರಿನಲ್ಲಿ ‘ಡೈವ್ ಮುಗಿಸೋಣ’ ಅಂತ. ನಾನು ಒಂದು ಬೆರಳು ತೋರಿಸಿದೆ, ಒಂದೇ ನಿಮಿಷ. ಅವನು ಮತ್ತೆ ಹೆಬ್ಬೆರಳು ಎತ್ತಿದ. ಆ ಸನ್ನೆಯನ್ನು ಯಾರು ತೋರಿಸಿದರೂ ವಾದ ಮಾಡುವಂತಿಲ್ಲ. ಮೂವರೂ ಮರಳಿನ ಗೆರೆಗಳನ್ನು ದಾಟುತ್ತಾ ದಡದ ಕಡೆ ಹೊರಟೆವು.