ಬ್ಯಾಂಡ್ ಗ್ಯಾಪ್ ಲೆಕ್ಕಕ್ಕೆ ಮೊದಲು ಏರಿಳಿತ ನೋಡಿ

ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಪದರ ಹಚ್ಚಿ, ಫರ್ನೇಸಿನಲ್ಲಿ 450 ಡಿಗ್ರಿಗೆ ಕಾಯಿಸಿ, ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರಿನಲ್ಲಿ ಇಟ್ಟ ತಕ್ಷಣ ವಿದ್ಯಾರ್ಥಿಗಳು ಕೇಳುವುದು ಒಂದೇ: "ಸರ್, ಬ್ಯಾಂಡ್ ಗ್ಯಾಪ್ ಎಷ್ಟು ಬಂತು?" ಬ್ಯಾಂಡ್ ಗ್ಯಾಪ್ ಎಂದರೆ ವಸ್ತುವಿನಲ್ಲಿ ಕಟ್ಟಿಬಿದ್ದ ಎಲೆಕ್ಟ್ರಾನನ್ನು ಓಡಾಡುವಂತೆ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ. ಆದರೆ ನಾನು ಮೊದಲು ನೋಡುವುದು, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಪದರ ದಾಟಿತು ಎಂದು ತೋರಿಸುವ ಗ್ರಾಫಿನ ಏರಿಳಿತವನ್ನು.

ಪದರದ ಮೇಲ್ಗಡೆಯಿಂದ ಮರಳಿದ ಬೆಳಕು, ತಳದಿಂದ ಮರಳಿದ ಬೆಳಕು ಒಂದಕ್ಕೊಂದು ಸೇರಿದಾಗ ಈ ಏರಿಳಿತ ಹುಟ್ಟುತ್ತದೆ. ಮಳೆಯಲ್ಲಿ ನೆನೆದ ರಸ್ತೆಯ ಮೇಲಿನ ಎಣ್ಣೆಯಲ್ಲಿ ಬಣ್ಣ ಕಾಣುವುದೂ ಇದರಿಂದಲೇ.

ಬರೀ ಗಾಜಿನ ಸ್ಲೈಡನ್ನೂ ಅಳೆದು ಎರಡೂ ಗ್ರಾಫನ್ನು ಒಂದರ ಮೇಲೊಂದು ಇಡಿ. ಗಾಜು ಸುಮಾರು 92 ಶೇಕಡಾ ಬೆಳಕನ್ನು ದಾಟಲು ಬಿಡುತ್ತದೆ. ಪದರ ಚೆನ್ನಾಗಿದ್ದರೆ, 500 ನ್ಯಾನೋಮೀಟರ್ ದಾಟಿದ ಮೇಲೆ ಅದರ ಶಿಖರಗಳು ಈ 92ರ ಗೆರೆಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಏನೋ ತೊಂದರೆ ಇದೆ ಎಂದೇ ಅರ್ಥ. ಪದರ ಮಸುಕಾಗಿ ಬೆಳಕನ್ನು ಚದುರಿಸುತ್ತಿರಬಹುದು, ಸರಿಯಾಗಿ ಸುಡದೆ ಇಂಗಾಲ ಉಳಿದಿರಬಹುದು, ದಪ್ಪ ಒಂದೇ ಸಮ ಇಲ್ಲದಿರಬಹುದು. ಇನ್ನೊಂದು ಮಾತು: ಅದ್ದಿ ತೆಗೆದ ಗಾಜಿಗೆ ಎರಡೂ ಬದಿ ಪದರ ಕೂತಿರುತ್ತದೆ. ಹಿಂಬದಿಯನ್ನು ಒಣಗುವ ಮೊದಲೇ ಒರೆಸಿಬಿಡಿ. ಇಲ್ಲದಿದ್ದರೆ, ಏರಿಳಿತದಿಂದ ಪದರದ ದಪ್ಪ ಮುಂತಾದವನ್ನು ಲೆಕ್ಕ ಹಾಕಲು ಸ್ವಾನೆಪೂಲ್ ಎಂಬ ವಿಜ್ಞಾನಿ 1983ರಲ್ಲಿ ಕೊಟ್ಟ ಸೂತ್ರಗಳು ಇಲ್ಲಿ ನಡೆಯುವುದಿಲ್ಲ. ಅವು ಒಂದೇ ಬದಿಯ ಪದರಕ್ಕೆ ಬರೆದವು.

ಕಣಿವೆಗಳ ಆಳ ಪದರದ ವಕ್ರೀಭವನ ಸೂಚ್ಯಂಕವನ್ನು, ಅಂದರೆ ಅದರೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬುದನ್ನು ಹೇಳುತ್ತದೆ. ಸೂಚ್ಯಂಕ 2.3 ಇದ್ದರೆ ಕಣಿವೆ 67 ಶೇಕಡಾಕ್ಕೆ ಇಳಿಯುತ್ತದೆ. ಪಕ್ಕಪಕ್ಕದ ಎರಡು ಶಿಖರ 500 ಮತ್ತು 625 ನ್ಯಾನೋಮೀಟರಿನಲ್ಲಿ ಇದ್ದರೆ, ದಪ್ಪ ಹೆಚ್ಚುಕಡಿಮೆ 540 ನ್ಯಾನೋಮೀಟರ್. ಆದರೆ ತರಂಗಾಂತರ ಬದಲಾದಂತೆ ಸೂಚ್ಯಂಕವೂ ಬದಲಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಪ್ಪ ತುಂಬಾನೇ ತಪ್ಪುತ್ತದೆ.

ಇನ್ನು ಟೌಕ್ ಪ್ಲಾಟ್, ಅಂದರೆ ಹೀರುವಿಕೆಯಿಂದ ಲೆಕ್ಕ ಹಾಕಿದ ಬೆಲೆಯನ್ನು ಬೆಳಕಿನ ಶಕ್ತಿಯ ಎದುರು ಹಾಕಿ, ನೇರ ಭಾಗಕ್ಕೆ ಗೆರೆ ಎಳೆದು ಬ್ಯಾಂಡ್ ಗ್ಯಾಪ್ ಓದುವ ಗ್ರಾಫ್. ಎಷ್ಟೋ ಜನ ಟ್ರಾನ್ಸ್‌ಮಿಷನ್ನಿನ ಲಾಗರಿದಂ ತೆಗೆದು, ದಪ್ಪದಿಂದ ಭಾಗಿಸಿ, ಸುಮ್ನೆ ಗೆರೆ ಎಳೆದುಬಿಡುತ್ತಾರೆ. ಮೇಲೆ ಹೇಳಿದ 540 ನ್ಯಾನೋಮೀಟರ್ ಪದರಕ್ಕೇ ಹಾಗೆ ಮಾಡಿ ನೋಡಿ. ಕಣಿವೆಯ ಜಾಗದಲ್ಲಿ ಹೀರುವಿಕೆ ಸೆಂಟಿಮೀಟರಿಗೆ ಸುಮಾರು 7,400 ಎಂದು ಬರುತ್ತದೆ. ನಿಜಕ್ಕೂ ಅಲ್ಲಿ ಬೆಳಕನ್ನು ಯಾರೂ ಹೀರಿಲ್ಲ, ಅದು ಪ್ರತಿಫಲಿಸಿ ಹಿಂದೆ ಹೋಗಿದೆ ಅಷ್ಟೇ! ಆದ್ದರಿಂದ ಪ್ರತಿಫಲನವನ್ನೂ ಅಳೆದು ಕಳೆಯಿರಿ. ಅನಾಟೇಸ್ ಎಂಬುದು ಟೈಟಾನಿಯಂ ಡೈಆಕ್ಸೈಡಿನ ಒಂದು ಹರಳು ರೂಪ. ಅದರ ಬ್ಯಾಂಡ್ ಗ್ಯಾಪ್ ಪರೋಕ್ಷ ಬಗೆಯದು (ದಾಟಲು ಬೆಳಕಿನ ಜೊತೆ ಹರಳಿನ ಕಂಪನದ ನೆರವೂ ಬೇಕು), ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅದಕ್ಕೆ ನೇರ ಬಗೆಯ ಸೂತ್ರ ಹಾಕಿದರೆ ಜಾಸ್ತಿ ಬಂದೇ ಬರುತ್ತದೆ. ಅದನ್ನು "ನ್ಯಾನೋ ಪರಿಣಾಮ", ಅಂದರೆ ಕಣ ತೀರಾ ಚಿಕ್ಕದಾಗಿ ಗ್ಯಾಪ್ ಹೆಚ್ಚಿತು, ಎಂದು ಬರೆಯುವುದನ್ನು ಕಂಡರೆ ಬೇಸರವಾಗುತ್ತದೆ. ಯಾವ ಸೂತ್ರ ಹಾಕಿದಿರಿ, ಗೆರೆಯನ್ನು ಎಲ್ಲಿಂದ ಎಲ್ಲಿಗೆ ಎಳೆದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ.

ಪದರ ತೀರಾ ತೆಳುವಾಗಿ ಏರಿಳಿತವೇ ಕಾಣದಿದ್ದರೆ, ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಹೇಗೆ ಬದಲಾಯಿತು ಎಂದು ಅಳೆಯುವ ಎಲಿಪ್ಸೋಮೀಟರ್ ಬೇಕು. ಅಲ್ಲಿಯೂ ಬೆಳಕು ಹೀರದ ಭಾಗಕ್ಕೆ ಮೊದಲು ಕೌಶಿ ಮಾದರಿ (ತರಂಗಾಂತರದೊಂದಿಗೆ ಸೂಚ್ಯಂಕ ಹೇಗೆ ಬದಲಾಗುತ್ತದೆ ಎಂದು ಹೇಳುವ ಸರಳ ಸೂತ್ರ) ಹೊಂದಿಸಿ, ದಪ್ಪ ಗಟ್ಟಿ ಮಾಡಿಕೊಂಡು, ಆಮೇಲೆ ಯುವಿ ಕಡೆ ಹೋಗಿ.

ಜಿರ್ಕೋನಿಯಾ (ಜಿರ್ಕೋನಿಯಂ ಡೈಆಕ್ಸೈಡ್) ಪದರ ತರುವವರು ದಯವಿಟ್ಟು ಕ್ವಾರ್ಟ್ಜ್ ಮೇಲೆ ಹಚ್ಚಿ ತನ್ನಿ. ಅದರ ಬ್ಯಾಂಡ್ ಗ್ಯಾಪ್ 5 ಎಲೆಕ್ಟ್ರಾನ್ ವೋಲ್ಟಿಗಿಂತ ಮೇಲೆ, ಅಂದರೆ ತರಂಗಾಂತರದಲ್ಲಿ 250 ನ್ಯಾನೋಮೀಟರಿಗಿಂತ ಕೆಳಗೆ. ಸಾಮಾನ್ಯ ಸ್ಲೈಡ್ ಗಾಜು 300ರ ಹತ್ತಿರವೇ ಬೆಳಕನ್ನು ತಾನೇ ನುಂಗುತ್ತದೆ. ಆಗ ಅಳೆದದ್ದು ಗಾಜನ್ನು, ಜಿರ್ಕೋನಿಯಾವನ್ನಲ್ಲ.