ಬಸ್ಸಾರು, ಎಳನೀರು ಮತ್ತು ಪೊಟ್ಯಾಸಿಯಂ ಲೆಕ್ಕ

ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5.0 ಮಿಲಿಮೋಲ್ ಇದ್ದರೆ ಸರಿ. ತಿಂದದ್ದರಲ್ಲಿ ಸುಮಾರು ಶೇ 90ರಷ್ಟು ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮಲದಲ್ಲಿ. ಕಿಡ್ನಿ ಸೋತಂತೆ ಈ ಹಾದಿ ಕಿರಿದಾಗುತ್ತದೆ. 5.5 ದಾಟಿದರೆ ಔಷಧ, ಊಟ ಎರಡನ್ನೂ ಮರುಪರಿಶೀಲಿಸಬೇಕು, 6.5ರ ಮೇಲೆ ಹೃದಯದ ಬಡಿತವೇ ತಪ್ಪಬಹುದು, ಅದೂ ಮುನ್ಸೂಚನೆ ಇಲ್ಲದೆ. ಕೈಕಾಲು ಸೋತು ಎದೆಬಡಿತ ಏರುಪೇರಾದರೆ ಊಟದ ಪಟ್ಟಿ ತಿದ್ದುತ್ತ ಕೂರಬಾರದು, ತಕ್ಷಣ ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕು.

ಕಿಡ್ನಿ ಕಾಯಿಲೆ ಇರುವವರೆಲ್ಲ ಪೊಟ್ಯಾಸಿಯಂ ಬಿಡಬೇಕು ಎನ್ನುವುದು ತಪ್ಪು. ಫ್ಯೂರೋಸೆಮೈಡ್‌ನಂಥ ಮೂತ್ರವರ್ಧಕ ತೆಗೆದುಕೊಳ್ಳುವವರಲ್ಲಿ, ಹೊಟ್ಟೆಯ ಮೂಲಕ ದಿನವೂ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಅದು ಕಡಿಮೆಯೂ ಆಗಬಹುದು. ಬಿಪಿಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರನೊಲ್ಯಾಕ್ಟೋನ್, ನೋವಿಗೆ ನುಂಗುವ ಡೈಕ್ಲೋಫೆನಾಕ್ ಏರಿಸುವ ಕಡೆಯವು. ಇವುಗಳಲ್ಲಿ ಮೊದಲ ಮೂರನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ರಕ್ತ ತೆಗೆಯುವಾಗ ಪಟ್ಟಿ ಬಿಗಿಯಾಗಿ ಕಟ್ಟಿ, ಮುಷ್ಟಿ ಬಿಗಿದು ಬಿಡಿಸಿದರೆ ಅಥವಾ ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದರೆ ಸಂಖ್ಯೆ ಸುಳ್ಳಾಗಿಯೇ ಹೆಚ್ಚು ಬರುತ್ತದೆ. ಆದ್ದರಿಂದ ಮೊದಲು ರಿಪೋರ್ಟ್, ಆಮೇಲೆ ಔಷಧದ ಚೀಟಿ, ಕೊನೆಗೆ ತಟ್ಟೆ.

ತಟ್ಟೆಯ ವಿಷಯದಲ್ಲಿ ನಿಷಿದ್ಧ ತರಕಾರಿಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದೇ ಮಾತು ಹಿಡಿದುಕೊಂಡರೆ ಹೆಚ್ಚು ಉಪಯೋಗ: ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಆ ನೀರು ಎಲ್ಲಿಗೆ ಹೋಯಿತು ಎಂದು ನೋಡಿ.

ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಹಸಿ ದಂಟಿನ ಸೊಪ್ಪಿನಲ್ಲಿ 100 ಗ್ರಾಂಗೆ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ. ಅದರ ದೊಡ್ಡ ಪಾಲು ಕಟ್ಟಿನಲ್ಲಿ ಸೇರಿರುತ್ತದೆ. ಕಿಡ್ನಿ ರೋಗಿಗೆ ‘ಬರೀ ಸಾರು ತಾನೇ’ ಎಂದು ಎರಡು ಸೌಟು ಹಾಕಿ ಪಲ್ಯ ತಪ್ಪಿಸಿದರೆ ಲೆಕ್ಕ ಪೂರ್ತಿ ತಿರುಗುಮುರುಗು. ಅವರಿಗೆ ಪಲ್ಯ ಸ್ವಲ್ಪ ಬಡಿಸಿ, ಸಾರು ಬೇರೆ ಮಾಡಿ. ಸೋರೆಕಾಯಿ, ಸೀಮೆಬದನೆಯಂಥವು ಆಗುತ್ತವೆ. ಮಸೊಪ್ಪಿನಲ್ಲಿ ಬೇಯಿಸಿದ ನೀರಿನ ಸಮೇತ ಎಲ್ಲವನ್ನೂ ಮಸೆಯುವುದರಿಂದ ಏನೂ ಹೊರಹೋಗುವುದಿಲ್ಲ. ಕುಕ್ಕರಿನಲ್ಲಿ ಕೂಗಿಸಿದ ಹುಳಿಯ ಕಥೆಯೂ ಅದೇ.

ಆಲೂಗಡ್ಡೆಯನ್ನು ರಾತ್ರಿಯಿಡೀ ನೆನೆಹಾಕಿದರೆ ಸಾಕು ಎಂಬ ಸಲಹೆ ಇನ್ನೂ ಓಡಾಡುತ್ತಿದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬರೀ ನೆನೆಸಿದ್ದರಿಂದ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ; ತುಂಡು ಮಾಡಿ ಕುದಿಸಿದಾಗ ಸುಮಾರು ಅರ್ಧ, ತುರಿದು ಕುದಿಸಿದಾಗ ಶೇ 75ರಷ್ಟು ಹೋಯಿತು. ಹಾಗಾಗಿ ಸಿಪ್ಪೆ ತೆಗೆಯಿರಿ, ಸಣ್ಣಗೆ ಹೆಚ್ಚಿರಿ, ತರಕಾರಿಯ ನಾಲ್ಕೈದು ಪಟ್ಟು ನೀರಿನಲ್ಲಿ ಮೆತ್ತಗಾಗುವವರೆಗೆ ತೆರೆದ ಪಾತ್ರೆಯಲ್ಲಿ ಕುದಿಸಿ ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ. ಸಿಪ್ಪೆ ಸಮೇತ ಇಡೀ ಗಡ್ಡೆ ಬೇಯಿಸಿದರೆ ಒಳಗಿನದು ಬಹುಪಾಲು ಒಳಗೇ ಇರುತ್ತದೆ. ಬಿ, ಸಿ ವಿಟಮಿನ್‌ಗಳೂ ನೀರಿನ ಜೊತೆ ಹೋಗುತ್ತವೆ. ಪೂರಕ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ, ಅಂಗಡಿಯ ಮಲ್ಟಿವಿಟಮಿನ್ ಬೇಡ.

ಮುದ್ದೆ? ರಾಗಿಯಲ್ಲಿ 100 ಗ್ರಾಂಗೆ 400 ಮಿಲಿಗ್ರಾಂ ಮೀರುತ್ತದೆ, ಬಿಳಿ ಅಕ್ಕಿಯಲ್ಲಿ ಸುಮಾರು 100. ವೈದ್ಯರಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರಿಗೆ ದಿನಕ್ಕೆ 2000ದಿಂದ 3000 ಮಿಲಿಗ್ರಾಂ ಇರುವುದರಿಂದ ಸಣ್ಣ ಮುದ್ದೆ ಅದರೊಳಗೆ ಹಿಡಿಸುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದವರು ರಾಗಿ ಬಿಟ್ಟು ಹೊಟ್ಟೆ ತುಂಬ ಅನ್ನಕ್ಕೆ ಹೋದರೆ ಇನ್ನೊಂದು ತೊಂದರೆ: ಇನ್ಸುಲಿನ್ ಸಾಲದೆ ಸಕ್ಕರೆ ಏರಿದಾಗ ಜೀವಕೋಶದೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ.

ನಿಜವಾದ ಅಪಾಯ ಬಹಳ ಸಲ ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಹೆಸರಿನಲ್ಲೇ ಬರುತ್ತದೆ. ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು 500–600 ಮಿಲಿಗ್ರಾಂ. ಸುಸ್ತು ಎಂದು ದಿನಕ್ಕೆ ಎರಡು ಕುಡಿದರೆ 2000ದ ಮಿತಿಯ ಅರ್ಧ ಮುಗಿದ ಹಾಗೆ. ಬಿಪಿಗೆಂದು ಮಾರುವ ಸೋಡಿಯಂ ಕಡಿಮೆಯ ಉಪ್ಪು ಇನ್ನೂ ಕೆಟ್ಟದ್ದು. ಅದರಲ್ಲಿ ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡ್. ಈ ಕ್ಲೋರೈಡ್‌ನ ಒಂದು ಗ್ರಾಂನಲ್ಲಿ ಸುಮಾರು 520 ಮಿಲಿಗ್ರಾಂ ಪೊಟ್ಯಾಸಿಯಂ, ಸೊಪ್ಪಿನಲ್ಲಿರುವುದಕ್ಕಿಂತ ಸಲೀಸಾಗಿ ರಕ್ತ ಸೇರುತ್ತದೆ. ಕಲ್ಲುಪ್ಪೋ ಪುಡಿಯುಪ್ಪೋ, ಸಾದಾ ಉಪ್ಪನ್ನೇ ಕಡಿಮೆ ಬಳಸಿ.

ಏಕಾದಶಿಯ ಉಪವಾಸದಲ್ಲಿ ಎರಡು ಕಡೆಯಿಂದ ಪೆಟ್ಟು: ಹಸಿದಾಗ ಇನ್ಸುಲಿನ್ ಇಳಿದು ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ, ಸಂಜೆಗೆ ಬಾಳೆಹಣ್ಣು, ಖರ್ಜೂರ, ಎಳನೀರು ಬೇರೆ. ಡಯಾಲಿಸಿಸ್ ನಡುವಿನ ಉದ್ದನೆಯ ಬಿಡುವಿನಲ್ಲಿ ಇದು ಬಂದರೆ ಇನ್ನೂ ಕಷ್ಟ. ಮಲಬದ್ಧತೆಯನ್ನೂ ಕಡೆಗಣಿಸುವಂತಿಲ್ಲ, ಕಿಡ್ನಿ ಸೋತವರಲ್ಲಿ ಕರುಳು ಹೊರಹಾಕುವ ಪಾಲು ಹೆಚ್ಚುತ್ತದೆ, ಅದೂ ಕಟ್ಟಿದರೆ ಸಂಖ್ಯೆ ಏರುತ್ತದೆ.

ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದಾಗ ಕಿತ್ತಳೆ ರಸ ಬೇಡ. ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಸಾಕು. ಕರಾವಳಿ, ಮಲೆನಾಡಿನ ಹಿತ್ತಿಲಲ್ಲಿ ಬಿಡುವ ಧಾರೆಹುಳಿಯನ್ನು, ಅದೇ ನಕ್ಷತ್ರದ ಆಕಾರದ ಹಣ್ಣನ್ನು, ಬೇಯಿಸಿ ಬಸಿದೂ ತಿನ್ನಬಾರದು. ಅದರಲ್ಲಿ ನರಕ್ಕೆ ವಿಷವಾಗುವ ಅಂಶವಿದೆ, ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ತಿಂದ ಮೇಲೆ ನಿಲ್ಲದ ಬಿಕ್ಕಳಿಕೆ ಶುರುವಾದರೆ ಗೊಂದಲ, ಫಿಟ್ಸ್‌ಗೆ ಕಾಯದೆ ಆಸ್ಪತ್ರೆಗೆ ಹೊರಡಿ.